ಹೂಂಗುಟ್ಟುವ ಧರ್ಮ

ಕಂಪ್ಯೂಟರುಗಳ ಜಾಲವನ್ನು ನೋಡಿಕೊಳ್ಳುವುದು ನನ್ನ ಕಸುಬು. ಯಂತ್ರ ಯಂತ್ರಗಳ ಮಾತುಕತೆಗೆ ವಿಂಟ್ ಸರ್ಫ್, ಬಾಬ್ ಕಾನ್ ಎಂಬಿಬ್ಬರು 1974ರಲ್ಲಿ ಒಂದು ಪದ್ಧತಿಯನ್ನು ಸೂಚಿಸಿದರು. ಅದರಿಂದ ಬೆಳೆದ ಟಿಸಿಪಿ ಇಂದಿಗೂ ಬಳಕೆಯಲ್ಲಿದೆ. ಒಂದು ಯಂತ್ರ ಸಂದೇಶವನ್ನು ತುಂಡುಮಾಡಿ, ಅಂಕಿ ಹಾಕಿ ಕಳುಹಿಸುತ್ತದೆ. ಇನ್ನೊಂದು, ಅಜ್ಜಿಯ ಕಥೆಗೆ ಮೊಮ್ಮಕ್ಕಳು ಹೂಂಗುಟ್ಟುವಂತೆ, 'ಇಲ್ಲಿಯವರೆಗೆ ಬಂತು' ಎನ್ನುತ್ತದೆ. ನಡುವಿನದೊಂದು ಕಳೆದುಹೋದರೆ, ಮುಂದಿನವು ಎಷ್ಟು ಬಂದರೂ ಹಳೆಯ ಉತ್ತರವನ್ನೇ ಮತ್ತೆ ಮತ್ತೆ ಕೊಡುತ್ತದೆ. ಕಳುಹಿಸಿದ ಯಂತ್ರ ಇಂಗಿತವರಿತು ಕಳೆದುದನ್ನು ಪುನಃ ಕಳುಹಿಸುತ್ತದೆ.

ನಾವೋ, ಕಚೇರಿಯ ಸಭೆಯಲ್ಲಾಗಲಿ ಮನೆಯಲ್ಲಾಗಲಿ, ಕಣ್ಣನ್ನು ಫೋನಿನ ಮೇಲಿಟ್ಟು ಬಾಯಲ್ಲಿ 'ಹೂಂ' ಎನ್ನುತ್ತೇವೆ. ಎದುರಿನವರ ಮನಸ್ಸು ನೋಯಬಾರದೆಂಬ ಮರ್ಯಾದೆಯಲ್ಲವೆ ಇದು, ಎಂದು ನೀವು ಕೇಳಬಹುದು. ನನಗೇನೋ ಇದು ಸುಳ್ಳೆಂದೇ ತೋರುತ್ತದೆ. ಕೇಳದೆ ಆಡಿದ 'ಹೂಂ'ನಿಂದ ಮಾತು ಕಳೆಯುವುದಷ್ಟೇ ಅಲ್ಲ; ಅದು ತಲುಪಿತೆಂದು ನಂಬಿದ ತಾಯಿ ತನ್ನ ಮಂಡಿನೋವಿನ ಸುದ್ದಿಯನ್ನು ಇನ್ನೊಮ್ಮೆ ಎತ್ತುವುದೂ ಇಲ್ಲ.

ಯಂತ್ರವನ್ನು ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ಅದು ತಲುಪಿತೆಂದು ಹೇಳೀತೇ ಹೊರತು ತಿಳಿಯಿತೆಂದು ಹೇಳಲಾರದು. ತಿಳಿಯುವ ಹೊಣೆ ನಮ್ಮದೇ. ಆದರೆ ಬಾರದುದನ್ನು ಬಂತೆನ್ನದ ಪ್ರಾಮಾಣಿಕತೆ ಅದಕ್ಕುಂಟು. 'ಕೇಳಿಸಲಿಲ್ಲಮ್ಮ, ಇನ್ನೊಂದು ಸಲ ಹೇಳು' ಎನ್ನುವುದರಲ್ಲಿ ಅಗೌರವವೇನಿದೆ? ನಿನ್ನ ಮಾತು ನನಗೆ ಬೇಕು ಎಂದಷ್ಟೇ ಅದರ ಅರ್ಥ.