ನಗಿಸಿದ ಕಂಠ, ಸಾಕ್ಷಿ ನುಡಿದ ಕಂಠ

1965ರಿಂದ 1971ರವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ‘ಹೋಗನ್ಸ್ ಹೀರೋಸ್’ ಎಂಬ ಹಾಸ್ಯ ಧಾರಾವಾಹಿ ಬರುತ್ತಿತ್ತು. ಒಟ್ಟು 168 ಕಂತುಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ, ಜರ್ಮನಿಯ ಯುದ್ಧಕೈದಿಗಳ ಶಿಬಿರವೊಂದರಲ್ಲಿ ನಡೆಯುವ ಕಥೆ ಅದು. ಸೆರೆಸಿಕ್ಕ ಸೈನಿಕರು ಕಾವಲುಗಾರರ ಕಣ್ಣಿಗೆ ಮಣ್ಣೆರಚಿ ಸುರಂಗ ತೋಡುತ್ತಾರೆ, ಗುಪ್ತ ಸಂದೇಶ ಕಳಿಸುತ್ತಾರೆ, ವಾರವಾರವೂ ಶಿಬಿರದ ಅಧಿಕಾರಿಯನ್ನು ಪೇಚಿಗೆ ಸಿಕ್ಕಿಸುತ್ತಾರೆ. ಅವರ ನಡುವೆ ಲೂಯಿ ಲಬೋ ಎಂಬ ಫ್ರೆಂಚ್ ಸೈನಿಕನೊಬ್ಬ ಇದ್ದ. ಗಿಡ್ಡ ಆಳು, ಚುರುಕು ನಾಲಗೆ, ಅಡುಗೆಯಲ್ಲಿ ಎತ್ತಿದ ಕೈ. ಆ ಪಾತ್ರ ಮಾಡಿ ಮನೆಮನೆಯ ಜನರನ್ನು ನಗಿಸಿದವರು ರಾಬರ್ಟ್ ಕ್ಲ್ಯಾರಿ. ಅವರ ಎಡ ಮುಂಗೈ ಮೇಲೆ ಒಂದು ಹಚ್ಚೆ ಇತ್ತು: ಎ-5714. ನಾಜಿಗಳು ಚುಚ್ಚಿದ ಸಂಖ್ಯೆ ಅದು.

ಕ್ಲ್ಯಾರಿ ಹುಟ್ಟಿದ್ದು 1926ರ ಮಾರ್ಚ್ 1ರಂದು, ಪ್ಯಾರಿಸ್‌ನಲ್ಲಿ. ಮೊದಲ ಹೆಸರು ರಾಬರ್ಟ್ ವೈಡರ್‌ಮನ್. ಪೋಲೆಂಡಿನಿಂದ ವಲಸೆ ಬಂದ ಯಹೂದಿ ಸಂಸಾರ. 14 ಮಕ್ಕಳಲ್ಲಿ ಇವರೇ ಕೊನೆಯವರು. ಚಿಕ್ಕಂದಿನಿಂದಲೇ ಹಾಡು ಒಲಿದಿತ್ತು. 1942ರ ಸೆಪ್ಟೆಂಬರಿನಲ್ಲಿ, ಹುಡುಗನಿಗೆ 16 ವರ್ಷವಾಗಿದ್ದಾಗ, ಮನೆಯವರ ಜೊತೆ ಅವನನ್ನೂ ಹಿಡಿದು ರೈಲಿಗೆ ತುಂಬಿದರು. ತಂದೆತಾಯಿ ಔಶ್ವಿಟ್ಜ್ ಎಂಬ ನಾಜಿ ಸಾವಿನ ಶಿಬಿರದಿಂದ ಹಿಂತಿರುಗಲಿಲ್ಲ. ಆ ಒಂದು ಮನೆಯಲ್ಲೇ 12 ಜೀವಗಳು ಹೋದವು. ಹುಡುಗ ಮಾತ್ರ ಒಂದು ಶಿಬಿರದಿಂದ ಇನ್ನೊಂದಕ್ಕೆ ಸಾಗುತ್ತ, ದುಡಿಯುತ್ತ, ಕಡೆಗೆ ಬುಖೆನ್‌ವಾಲ್ಡ್ ತಲುಪಿದ. ಅಲ್ಲಿ ಭಾನುವಾರಗಳಂದು, ಪಕ್ಕದಲ್ಲಿ ಒಬ್ಬರು ಅಕಾರ್ಡಿಯನ್ ನುಡಿಸುತ್ತಿದ್ದರೆ, ಈತ ನಾಜಿ ಸಿಪಾಯಿಗಳ ಮುಂದೆ ನಿಂತು ಹಾಡುತ್ತಿದ್ದ. ತನ್ನವರನ್ನು ಕೊಂದವರ ಎದುರು ಹಾಡುವುದು ಎಂಥ ಸಂಕಟ! ಆದರೆ ತಾನು ಉಳಿದದ್ದಕ್ಕೆ ಆ ಹಾಡು, ಕುಣಿತ, ರಂಜನೆಗಳೂ ಕಾರಣ ಎಂದು ಅವರೇ ಮುಂದೆ ಹೇಳಿದರು. 1945ರ ಏಪ್ರಿಲ್ 11ರಂದು ಆ ಶಿಬಿರಕ್ಕೆ ಬಿಡುಗಡೆ ಸಿಕ್ಕಿತು. 1949ರಲ್ಲಿ ಅಮೆರಿಕಕ್ಕೆ ಬಂದರು. ಬ್ರಾಡ್‌ವೇ ರಂಗಭೂಮಿಯಲ್ಲಿ ಹಾಡಿ ಹೆಸರಾದರು. ಆಮೇಲೆ ಬಂದದ್ದು ಲಬೋ ಪಾತ್ರ.

ಇಷ್ಟು ಕೇಳಿದ ಮೇಲೆ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಇಂಥ ನೋವು ಉಂಡವರು ನಾಜಿಗಳ ಕಾಲವನ್ನೇ ಹಾಸ್ಯ ಮಾಡುವ ಕಥೆಯಲ್ಲಿ ಹೇಗೆ ನಟಿಸಿದರು? ಹೆತ್ತವರನ್ನು ಮರೆತರೇ? ಈ ಪ್ರಶ್ನೆ ಅವರಿಗೂ ಬಂತು. ಅವರ ಉತ್ತರ ಸ್ಪಷ್ಟವಾಗಿತ್ತು: ಧಾರಾವಾಹಿಯಲ್ಲಿ ಇರುವುದು ಯುದ್ಧಕೈದಿಗಳ ಶಿಬಿರ, ತಾನು ಕಂಡದ್ದು ಮನುಷ್ಯರನ್ನು ಅಳಿಸಿಹಾಕಲೆಂದೇ ಕಟ್ಟಿದ ಲೋಕ, ಎರಡನ್ನೂ ಒಂದು ಮಾಡಬಾರದು. ಸೈನಿಕ ಕೈದಿಗಳ ಕಷ್ಟವನ್ನೂ ಅವರು ಹಗುರ ಮಾಡಲಿಲ್ಲ. ಅವರೊಬ್ಬರೇ ಅಲ್ಲ, ಅಲ್ಲಿ ಜರ್ಮನ್ ಅಧಿಕಾರಿ ಕ್ಲಿಂಕ್ ಆಗಿ ನಟಿಸಿದ ವರ್ನರ್ ಕ್ಲೆಂಪರರ್ ಕೂಡ ಹಿಟ್ಲರನ ಜರ್ಮನಿಯನ್ನು ಬಿಟ್ಟು ಬಂದ ಮನೆತನದವರು. ಕ್ಲಿಂಕ್ ಎಂದೂ ಗೆಲ್ಲಬಾರದು ಎಂಬ ಷರತ್ತಿನ ಮೇಲೆ ಅವರು ಆ ಪಾತ್ರ ಒಪ್ಪಿದ್ದರು. ಕ್ರೌರ್ಯವನ್ನು ನೋಡಿ ನಗುವುದು ಬೇರೆ, ಕ್ರೌರ್ಯಕ್ಕೆ ತುತ್ತಾದವರನ್ನು ನೋಡಿ ನಗುವುದು ಬೇರೆ. ಈ ಗೆರೆ ಎಲ್ಲಿದೆ ಎಂದು ಆ ನಟರಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಕ್ಲ್ಯಾರಿ ಅವರ ಬದುಕು ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಎರಡನೆಯ ಭಾಗದಲ್ಲಿ. ಶಿಬಿರದ ಅನುಭವವನ್ನು ಅವರು ದಶಕಗಳ ಕಾಲ ತುಟಿ ಮೀರಿ ಬರಗೊಡಲಿಲ್ಲ. 1980ರಲ್ಲಿ ಮೌನ ಮುರಿದರು. ನಾಜಿಗಳು ನಡೆಸಿದ ಯಹೂದಿಗಳ ಹತ್ಯಾಕಾಂಡ ನಡೆದೇ ಇಲ್ಲ ಎಂದು ಕೆಲವರು ಧೈರ್ಯವಾಗಿ ಹೇಳತೊಡಗಿದ್ದರು. ಸುಮ್ಮನಿದ್ದರೆ ಸತ್ತವರು ಇನ್ನೊಮ್ಮೆ ಸಾಯುತ್ತಾರೆ, ಅನುಭವಿಸಿದವರು ಹೋದ ಮೇಲೆ ಹೇಳುವವರಾದರೂ ಯಾರು? ಆ ಹತ್ಯಾಕಾಂಡದ ನೆನಪನ್ನು ಉಳಿಸಲು ದುಡಿಯುವ ಸೈಮನ್ ವೀಸೆಂಥಾಲ್ ಕೇಂದ್ರದ ಪರವಾಗಿ ಶಾಲೆಯಿಂದ ಶಾಲೆಗೆ ಹೋಗಿ, ಹದಿಹರೆಯದ ಮಕ್ಕಳ ಮುಂದೆ ನಿಂತು, ತಮ್ಮ ಹದಿಹರೆಯ ಹೇಗೆ ಕಳೆಯಿತು ಎಂದು ಹೇಳಿದರು. 1985ರಲ್ಲಿ ಅವರ ಬಗ್ಗೆ ಸಾಕ್ಷ್ಯಚಿತ್ರ ಬಂತು. ಅದರ ಹೆಸರಿನಲ್ಲೇ ಆ ಹಚ್ಚೆಯ ಸಂಖ್ಯೆ ಇದೆ. 2001ರಲ್ಲಿ ಆತ್ಮಕಥೆ ಬಂತು. ಇಷ್ಟೆಲ್ಲ ಹೇಳಿದ ಮೇಲೆ ಅವರು ಮಕ್ಕಳಲ್ಲಿ ಕೇಳಿಕೊಂಡದ್ದು ಸೇಡನ್ನಲ್ಲ. ಚರ್ಮದ ಬಣ್ಣ ನೋಡಿ, ಧರ್ಮ ನೋಡಿ ಯಾರನ್ನೂ ದ್ವೇಷಿಸಬೇಡಿ ಎಂದರು. 2022ರ ನವೆಂಬರ್ 16ರಂದು, 96ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಾಡಿದ್ದು, ನಗಿಸಿದ್ದು, ಸಾಕ್ಷಿ ನುಡಿದದ್ದು ಎಲ್ಲವೂ ಒಂದೇ ಕಂಠ. ನಗಿಸಿ ಹೆಸರು ಮಾಡಿದೆನಲ್ಲ, ನನ್ನ ಪಾಲಿನ ಕೆಲಸ ಮುಗಿಯಿತು ಎಂದು ಅವರು ಕೂರಬಹುದಿತ್ತು. ಇಲ್ಲವೇ, ಇಷ್ಟು ಕಳೆದುಕೊಂಡ ನನಗೆ ನಗುವಿನ ಹಂಗೇಕೆ ಎಂದು ಜೀವನದಿಂದಲೇ ಮುಖ ತಿರುಗಿಸಬಹುದಿತ್ತು. ಎರಡನ್ನೂ ಮಾಡಲಿಲ್ಲ. ಬದುಕಿದ್ದಕ್ಕೆ ಸಂತೋಷ ಪಡುವುದು ತನ್ನ ಹಕ್ಕು, ಸತ್ತವರ ಪರವಾಗಿ ಮಾತಾಡುವುದು ತನ್ನ ಋಣ ಎಂದು ತಿಳಿದರು. ಹಕ್ಕನ್ನು ಸಂಕೋಚವಿಲ್ಲದೆ ಅನುಭವಿಸಿದರು, ಋಣವನ್ನು ತಡವಾದರೂ ತೀರಿಸಿದರು.

ನಮ್ಮ ಸುತ್ತಲೂ ಇಂಥವರಿದ್ದಾರೆ. ಮಗನನ್ನು ಕಳೆದುಕೊಂಡೂ ಮೊಮ್ಮಕ್ಕಳ ಜೊತೆ ನಗುವ ಅಜ್ಜಿ, ಊರನ್ನೇ ಮುಳುಗಡೆಗೆ ಬಿಟ್ಟುಕೊಟ್ಟೂ ಹರಟೆಯಲ್ಲಿ ಎಲ್ಲರನ್ನೂ ನಗಿಸುವ ಹಿರಿಯರು. ಅವರು ನಕ್ಕಾಗ ನಾವು ಅವರ ದುಃಖವನ್ನು ಅಳೆಯಲು ಹೋಗುವುದು ಬೇಡ. ಎಷ್ಟೋ ವರ್ಷಗಳ ಮೇಲೆ, ಒಂದು ದಿನ ಅವರಾಗಿಯೇ ಹಳೆಯದನ್ನು ಹೇಳಲು ಬಾಯಿ ತೆರೆದಾಗ ‘ಈಗ ಯಾಕೆ ಅದೆಲ್ಲ?’ ಎಂದು ತಡೆಯುವುದೂ ಬೇಡ. ಹೇಳಲು ಅವರಿಗೆ ಅಷ್ಟು ಕಾಲ ಬೇಕಾಯಿತು. ಕೇಳಲು ನಮಗೆ ಅರ್ಧ ಗಂಟೆ ಸಾಕು. ಅವರ ನಗುವಿನಲ್ಲಿ ಪಾಲು ಪಡೆದ ನಾವು, ಅವರ ನೆನಪಿನ ಭಾರಕ್ಕೂ ಹೆಗಲು ಕೊಡಬೇಕಲ್ಲವೇ?