ರಾಜಾಜ್ಞೆಯೂ ಅದತ್ತಾದಾನವೂ

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ತತ್ತ್ವಾರ್ಥಸೂತ್ರವು ಎಣಿಸಿದೆ. ರಾಜ್ಯದ ಕಟ್ಟಳೆಯನ್ನು ಮೀರಿ ಲಾಭ ಗಳಿಸಬಾರದೆಂಬುದು ಅದರ ತಾತ್ಪರ್ಯ. ಆದರೆ ಕಟ್ಟಳೆಯೇ ಅನ್ಯಾಯವಾದರೆ?

ತುಬಚಿಯಿರುವ ಜಮಖಂಡಿ ಸೀಮೆಗೆ ಹೊಂದಿಕೊಂಡ ಮುಧೋಳದ ಹಲಗಲಿಯ ಇತಿಹಾಸವು ಈ ಪ್ರಶ್ನೆಯನ್ನು ಮುಂದಿಡುತ್ತದೆ. 1857ರಲ್ಲಿ ಆಂಗ್ಲ ಸರ್ಕಾರವು ಜನರ ಆಯುಧಗಳನ್ನು ಕಸಿಯಲು ಹೊರಟಿತು. ಅಲ್ಲಿಯ ಬೇಡರಿಗೆ ಆಯುಧವೇ ಜೀವನೋಪಾಯ, ಅದೇ ಮಾನ, ಅವರು ಒಪ್ಪಿಸಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯವು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳ, ಹಲಗಲಿಗಳಲ್ಲಿ ಗಲ್ಲಿಗೇರಿಸಲಾಯಿತು. ಅವರ ಕಥೆ ಲಾವಣಿಯಾಗಿ ಉಳಿಯಿತು.

ಬೇಟೆಯ ಆಯುಧ ಹೋದರೆ ಹಿಂಸೆ ತಗ್ಗಿತಲ್ಲವೇ ಎಂದು ಶ್ರಾವಕರು ಕೇಳಬಹುದು. ಬೇಟೆಯು ಸಂಕಲ್ಪೀ ಹಿಂಸೆ, ತ್ಯಾಜ್ಯವೇ ಸರಿ. ಆದರೆ ತ್ಯಾಗವೆಂದರೆ ತಾನಾಗಿ ಬಿಡುವುದು. ಬಲಾತ್ಕಾರದಿಂದ ಬಿಡಿಸಿದ್ದು ವ್ರತವಾಗದು. ಕೊಡದುದನ್ನು ಕೊಳ್ಳುವುದು ಅದತ್ತಾದಾನ. ರಾಜಮುದ್ರೆ ಬಿದ್ದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ. ದಾಳಿಯನ್ನು ಎದುರಿಸಿದ್ದು ವಿರೋಧೀ ಹಿಂಸೆ. ಅದು ನಿರ್ದೋಷವಲ್ಲ, ಆದರೂ ಗೃಹಸ್ಥನಿಗೆ ಅನಿವಾರ್ಯವಾಗಬಹುದಾದದ್ದು. ಮೊದಲ ದೋಷ ಕಸಿಯಬಂದವನದು.

ಕಾನೂನಿಗೆ ತಲೆಬಾಗುವ ಶ್ರಾವಕನು, ಆ ಕಾನೂನಿನ ಬಲದಿಂದಲೇ ಬಡವನ ಹೊಲವನ್ನೋ ಕಸುಬನ್ನೋ ತನ್ನದಾಗಿಸಿಕೊಳ್ಳುವಾಗ, ಕೊಟ್ಟವನ ಮನಸ್ಸು ಒಪ್ಪಿತೇ ಎಂದು ಮೊದಲು ವಿಚಾರಿಸಬೇಕು.