ಗಾಜಿನೊಳಗಿನ ಕಡಲು

ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ ಬೆಳೆದವರಿಗೆ ಆ ಕ್ರಿಯೆಯ ಉತ್ತರಾರ್ಧವೂ ನೆನಪಿರಬೇಕು. ಬಟ್ಟೆಯಲ್ಲಿ ಉಳಿದುದನ್ನು ಕಂಡಲ್ಲಿ ಚೆಲ್ಲುವಂತಿಲ್ಲ. ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ತೊಳೆದು, ಅದನ್ನು ತಂದ ಬಾವಿಗೇ ಮೆಲ್ಲನೆ ಇಳಿಸಬೇಕು. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬದುಕಲಾರದೆಂದು ಹಿರಿಯರು ಕಾರಣ ಹೇಳುತ್ತಿದ್ದರು. ಬಾಲ್ಯದಲ್ಲಿ ನನಗಿದು ಅತಿಯಾದ ಮಡಿಯೆಂದೇ ತೋರುತ್ತಿತ್ತು. ಅದರ ಅರ್ಥ ತಿಳಿದದ್ದು ಅಮೆರಿಕದಲ್ಲಿರುವ ಮಗಳ ಮನೆಯಲ್ಲಿ, ಅಳಿಯನು ಸಾಕಿದ್ದ ಹವಳದ ತೊಟ್ಟಿಯ ಮುಂದೆ.

ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ. ಅದರೊಳಗೆ ಸಾವಿರಕ್ಕೆ ೩೫ ಭಾಗ ಲವಣವಿರುವ ನೀರು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ತಗ್ಗಿದಷ್ಟನ್ನು ಶುದ್ಧವಾದ ಸಿಹಿನೀರಿನಿಂದಲೇ ತುಂಬಬೇಕು. ಮೀನು ವಿಸರ್ಜಿಸುವ ಅಮೋನಿಯಾವನ್ನು ಕಡಲು ಕ್ಷಣದಲ್ಲಿ ಚದರಿಸುತ್ತದೆ. ಇಲ್ಲಿಯಾದರೋ ಅದನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಾಣುಗಳು ನೆಲೆಗೊಳ್ಳಲು ನಾಲ್ಕಾರು ವಾರ ಬೇಕು. ಅಲ್ಲಿಯವರೆಗೆ ತೊಟ್ಟಿ ಬರಿದಾಗಿಯೇ ಇರಬೇಕು.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಹವಳದ ಆಹಾರವಲ್ಲ, ಅದರ ಅಸ್ಥಿ. ಗಟ್ಟಿ ಹವಳವು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಹಾಗೂ ಕಾರ್ಬೊನೇಟುಗಳನ್ನು ಹೀರಿ ತನ್ನ ಗೂಡನ್ನು ಕಟ್ಟಿಕೊಳ್ಳುತ್ತದೆ. ಲೀಟರಿಗೆ ೪೦೦ರಿಂದ ೪೫೦ ಮಿಲಿಗ್ರಾಂ ಕ್ಯಾಲ್ಸಿಯಂ, ಸುಮಾರು ೧೩೦೦ ಮಿಲಿಗ್ರಾಂ ಮೆಗ್ನೀಶಿಯಂ, ೮–೯ ಡಿಗ್ರಿ ಕ್ಷಾರೀಯತೆ ಇರಬೇಕು. ಮೆಗ್ನೀಶಿಯಂ ಕಡಿಮೆಯಾದರೆ ಉಳಿದೆರಡೂ ಸುಣ್ಣವಾಗಿ ತಳಕ್ಕಿಳಿಯತೊಡಗುತ್ತವೆ. ಹವಳವು ದಿನವೂ ಸ್ವಲ್ಪ ಸ್ವಲ್ಪ ಹೀರುತ್ತಿರುವುದರಿಂದ ಸಾಕುವವನೂ ದಿನವೂ ಅಷ್ಟನ್ನೇ ಮರಳಿ ಸೇರಿಸುತ್ತಿರಬೇಕು.

ನಾನಿದ್ದಾಗಲೇ ಒಮ್ಮೆ ಎಲ್ಲರೂ ಒಂದು ವಾರ ಪ್ರವಾಸ ಹೋದೆವು. ಹಿಂದಿರುಗಿದಾಗ ಕ್ಷಾರೀಯತೆ ೫.೫ಕ್ಕೆ ಇಳಿದಿತ್ತು. ಅಳಿಯನು ಗಾಬರಿಗೊಂಡು ಒಂದೇ ಸಂಜೆಯಲ್ಲಿ ಅದನ್ನು ೧೦ಕ್ಕೆ ಏರಿಸಿದನು. ದಿನಕ್ಕೆ ಸುಮಾರು ಒಂದು ಡಿಗ್ರಿಗಿಂತ ಹೆಚ್ಚು ಏರಿಸಬಾರದೆಂಬುದು ಅವನಿಗೆ ತಿಳಿಯದ ಸಂಗತಿಯೇನಲ್ಲ. ಕೆಲವು ದಿನಗಳಲ್ಲೇ ಎರಡು ಹವಳಗಳ ತುದಿಯಿಂದ ಮಾಂಸ ಕಳಚಿ ಬಿಳಿಯ ಎಲುಬು ಕಾಣಿಸಿತು. ಕೊಲ್ಲುವ ಉದ್ದೇಶ ಯಾರಿಗೂ ಇರಲಿಲ್ಲ. ಉಳಿಸುವ ಆತುರವೇ ಕೊಂದಿತು.

ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮತ್ತಯೋಗವನ್ನೇ ಮುಂದಿರಿಸಿದ್ದಾರೆ. ಪ್ರಮಾದವೆಂದರೆ ಸೋಮಾರಿತನವೆಂದಷ್ಟೇ ನಾನು ಅದುವರೆಗೆ ತಿಳಿದಿದ್ದೆ. ಆದರೆ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಬಂಧ, ಅಂದರೆ ಜೀವವನ್ನು ಕಟ್ಟಿಹಾಕುವುದು. ಹಾಗಾದರೆ ನಿತ್ಯವೂ ನೀರನ್ನು ಪರೀಕ್ಷಿಸುವ ಯತ್ನಾಚಾರವು ಈ ಬಂಧವನ್ನು ಶುದ್ಧಗೊಳಿಸುತ್ತದೆಯೇ? ನನ್ನ ಮಟ್ಟಿಗೆ, ಇಲ್ಲ. ಕಡಲಿನಲ್ಲಿ ಆ ಜೀವಿಗೆ ಯಾರ ಎಚ್ಚರಿಕೆಯೂ ಬೇಕಿರಲಿಲ್ಲ. ಆ ಅವಶ್ಯಕತೆಯನ್ನು ಸೃಷ್ಟಿಸಿದವರು ನಾವು. ಸಾಲವನ್ನು ಕ್ರಮವಾಗಿ ತೀರಿಸುವವನು ಪ್ರಾಮಾಣಿಕನು ನಿಜ, ಸಾಲ ಮಾಡಿದ್ದು ಅದರಿಂದ ಇಲ್ಲವಾಗದು.

ಇದು ಕಡಲಿನಿಂದ ಹಿಡಿದು ತಂದದ್ದಲ್ಲ, ಮೀನು ತೊಟ್ಟಿಯಲ್ಲೇ ಹುಟ್ಟಿದ್ದು, ಹವಳ ಇನ್ನೊಬ್ಬರ ತೊಟ್ಟಿಯಲ್ಲಿ ಬೆಳೆದ ತುಂಡು ಎಂದು ಅಳಿಯನು ವಾದಿಸಿದನು. ವಾದದಲ್ಲಿ ಸತ್ಯಾಂಶವಿದೆ. ಆದರೆ ಅದೇ ಕಾರಣಕ್ಕೆ ಅವುಗಳನ್ನು ಕಡಲಿಗೆ ಬಿಡುವಂತೆಯೂ ಇಲ್ಲ. ರೋಗವೋ ಅನ್ಯ ಜೀವಿಯೋ ಅಲ್ಲಿಯದನ್ನು ಕೆಡಿಸೀತು. ಆ ಕಿತ್ತಳೆ ಬಣ್ಣದ ಪುಟ್ಟ ಮೀನು ತೊಟ್ಟಿಯಲ್ಲಿ ೨೦ ವರ್ಷ ಮೀರಿ ಬದುಕಿದ ಉದಾಹರಣೆಗಳುಂಟು. ಅಷ್ಟೂ ಕಾಲ ಒಬ್ಬರು ಬಾವಿಯಾಗಿ ನಿಲ್ಲಬೇಕು.

ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಗಟ್ಟಿ ಹವಳಗಳಿಗೆ ೨೦೦೧ರಿಂದ ಮೊದಲ ಅನುಸೂಚಿಯ ರಕ್ಷಣೆಯಿದೆ. ಮುರುಡೇಶ್ವರದ ಆಚೆಯ ನೇತ್ರಾಣಿಯ ಹವಳಗಳಿಗೂ ಅದು ಅನ್ವಯಿಸುತ್ತದೆ. ಆದರೆ ಮೀನಿನ ತೊಟ್ಟಿಗಳಿಗೇನೂ ಕೊರತೆಯಿಲ್ಲ. ಯಾತ್ರಿನಿವಾಸದ ಹಜಾರಕ್ಕೆ ಶೋಭೆಯೆಂದು ಒಂದನ್ನಿರಿಸಲು ಯೋಚಿಸುವ ವಿಶ್ವಸ್ತ ಮಂಡಳಿಯವರು ವ್ಯವಸ್ಥಾಪಕರು ರಜೆಯ ಮೇಲಿದ್ದಾಗ ನೀರನ್ನು ನೋಡುವವರಾರೆಂದು ಮೊದಲು ನಿರ್ಣಯಿಸಲಿ.

ಅಳಿಯನು ಹೊಸ ಜೀವಿಯನ್ನು ತರುವುದನ್ನು ನಿಲ್ಲಿಸಿದ್ದಾನೆ, ಇರುವುವನ್ನು ಕಡೆಯವರೆಗೂ ನೋಡಿಕೊಳ್ಳುವೆನೆಂದಿದ್ದಾನೆ. ಮೊನ್ನೆ ದೂರವಾಣಿಯಲ್ಲಿ ಕುಶಲಪ್ರಶ್ನೆಗೂ ಮುನ್ನ ನಾನು ಕ್ಷಾರೀಯತೆಯನ್ನು ಕೇಳಿದೆ. ೮.೨ ಎಂದನು.